ಆಫೀಸಿನ ಕ್ರಿಸ್ಮಸ್ ಗಿಫ್ಟ್ ಆಟ: ಚೀಟಿ ಎತ್ತುವುದಾ, ಕಿತ್ತುಕೊಳ್ಳುವುದಾ? ಇದನ್ನೆಲ್ಲ ಶುರು ಮಾಡಿದ್ದು ಯಾರು ಮಾರಾಯ್ರೆ?

ಬಂಗುಡೆ ಪುಳಿಮುಂಚಿ (ಬಿಜೈ, ಮಂಗಳೂರು)

ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯ, ಆದ್ರೆ ಮಂಡೆಬಿಸಿ ದೊಡ್ಡದು, ಅದಕ್ಕೆ ಇಲ್ಲಿ ಕೇಳ್ತಾ ಇದ್ದೇನೆ.

ನಮ್ಮದು ಬಿಜೈ ಹತ್ರ ಒಂದು ಸಣ್ಣ ಆಫೀಸು, ಒಟ್ಟು 14 ಜನ. ಎಲ್ಲ ಜಾತಿ ಎಲ್ಲ ಭಾಷೆಯವ್ರೂ ಇದ್ದಾರೆ, ಊಟದ ಟೇಬಲಲ್ಲಿ ತುಳು ಕೊಂಕಣಿ ಬ್ಯಾರಿ ಕನ್ನಡ ನಾಲ್ಕೂ ಒಟ್ಟಿಗೆ ನಡೀತದೆ. ಹೋದ ಡಿಸೆಂಬರಲ್ಲಿ ಮೊದಲ ಸಲ ಸೀಕ್ರೆಟ್ ಸಾಂತಾ ಮಾಡುವ ಅಂತ ಹೊರಟದ್ದು, ಅಂದ್ರೆ ಚೀಟಿಯಲ್ಲಿ ಯಾರ ಹೆಸರು ಬರ್ತದೋ ಅವರಿಗೆ ಗುಟ್ಟಿನಲ್ಲಿ ಒಂದು ಗಿಫ್ಟ್ ಕೊಡುವುದು. 300 ರೂಪಾಯಿ ಲಿಮಿಟ್. ಹೆಸರು ಬರೆದ ಚೀಟಿಗಳನ್ನು ಯಾರದ್ದೋ ಟಿಫಿನ್ ಡಬ್ಬಿಗೆ ಹಾಕಿ ಎತ್ತಿದ್ದು, ಒಬ್ಬರಿಗೆ ಅವರದ್ದೇ ಹೆಸರು ಬಂತು, ಪುನಃ ಎತ್ತಿದ್ದು, ಈ ಸಲ ಇನ್ನೊಬ್ಬರಿಗೆ ಅವರದ್ದೇ, ಪುನಃ ಎತ್ತಿದ್ದು, ಪುನಃ ಅದೇ ಕತೆ. ನಾಲ್ಕನೇ ಸಲ ಯಾರೂ ಮಾತಾಡ್ಲಿಲ್ಲ, ಸದ್ಯ ಸರಿಯಾಯ್ತು ಅಂತ ಗ್ರಹಿಸಿ ಕೆಲಸಕ್ಕೆ ಕೂತ್ಕೊಂಡೆವು.

ಸರಿ ಆದದ್ದಲ್ಲ ಅದು. ಅಕೌಂಟ್ಸಲ್ಲಿ ಇರುವ ಒಬ್ಬರಿಗೆ ಅವರದ್ದೇ ಚೀಟಿ ಬಂದಿತ್ತಂತೆ, ಮನುಷ್ಯ ಸುಮ್ಮನೆ ಕಿಸೆಗೆ ಹಾಕಿ, ತನಗೆ ತಾನೇ ಒಂದು ಒಳ್ಳೆ ಥರ್ಮಸ್ ತೆಗೊಂಡು, ಪ್ಯಾಕ್ ಮಾಡ್ಸಿ, ಎಲ್ಲರೆದುರು ಬಿಚ್ಚಿ "ಅಯ್ಯೋ ಯಾರಪ್ಪ ಇಷ್ಟು ಒಳ್ಳೆ ಮನಸ್ಸಿನವ್ರು" ಅಂತ ಬೇರೆ ಹೇಳಿದ್ರು. ನಮಗೆ ಗೊತ್ತಾದದ್ದು ಫೆಬ್ರವರಿಯಲ್ಲಿ. ರಿಸೆಪ್ಶನಿನ ಹುಡುಗಿಗೆ ಬಂದ ಗೋಡೆ ಗಡಿಯಾರದ ಹಿಂದೆ "ಗೃಹಪ್ರವೇಶದ ಶುಭಾಶಯಗಳು" ಅಂತ ಸ್ಟಿಕ್ಕರ್ ಹಾಗೇ ಇತ್ತು. ಮತ್ತೊಬ್ಬ ಪಾಪದವನಿಗೆ ಎಂತದೂ ಇಲ್ಲ, ಯಾಕಂದ್ರೆ ಅವನ ಸಾಂತಾ ಆ ದಿನ ರಜೆ. ಮೊಟ್ಟೆ ಹಾಕಿದ ಪ್ಲಮ್ ಕೇಕ್ ಶುದ್ಧ ಸಸ್ಯಾಹಾರಿ ಒಬ್ಬರಿಗೆ ಹೋದ ಕತೆ ಬೇಡ ಬಿಡಿ.

ಈ ಸಲ ನಮ್ಮ ಬಾಸ್ ಎಲ್ಲೋ ನೋಡ್ಕೊಂಡು ಬಂದು "ವೈಟ್ ಎಲಿಫೆಂಟ್ ಆಡುವ" ಅಂತಾರೆ. ಒಬ್ರು ತೆಗೆದ ಗಿಫ್ಟನ್ನು ಇನ್ನೊಬ್ರು ಕಿತ್ತುಕೊಳ್ಳಬಹುದಂತೆ! ನಮ್ಮಲ್ಲಿ ಹಿರಿಯರು ಒಬ್ರು ಇದ್ದಾರೆ, ಕೇಳಿದ ಕೂಡ್ಲೆ "ಇನ್ನೊಬ್ಬರ ಕೈಗೆ ಬಂದದ್ದನ್ನು ಕಸಿಯುವುದು ಆಟವಾ? ನಾನಂತೂ ಬರುದಿಲ್ಲ" ಅಂತ ಹೇಳಿಯಾಯ್ತು.

ಹಾಗಾಗಿ ಪ್ರಶ್ನೆ ಎರಡು. 14 ಜನಕ್ಕೆ ಜಗಳ ಇಲ್ಲದೆ ಆಗುವ ಆಟ ಯಾವುದು? ಮತ್ತೆ ಈ ಚೀಟಿ ಎತ್ತುವುದು, ಕಿತ್ತುಕೊಳ್ಳುವುದು ಎಲ್ಲ ಎಲ್ಲಿಂದ ಬಂತು? ಬಿಳಿ ಆನೆಗೂ ಕ್ರಿಸ್ಮಸಿಗೂ ಎಂತ ಸಂಬಂಧ ಅಂತ ನನಗೆ ತಲೆಗೆ ಹೋಗ್ಲಿಲ್ಲ.

---

ನೆವ್ರಿಬಾಯಿ (ಸಂತೆಕಟ್ಟೆ, ಉಡುಪಿ)

ಥರ್ಮಸ್ ಕತೆ ಓದಿ ನಗಾಡಿ ನಗಾಡಿ ಸಾಕಾಯ್ತು ಮಾರಾಯ್ತಿ. ಅವರನ್ನು ಈ ಸಲ ಚೀಟಿ ಎಣಿಸ್ಲಿಕ್ಕೆ ಹಾಕಿ, ಒಳ್ಳೆ ತಲೆ ಉಂಟು ಅವರಿಗೆ.

ನೀವು ಸೀಕ್ರೆಟ್ ಸಾಂತಾ ಅಂತ ಹೇಳುವುದು ನಮಗೆ ಹೊಸತಲ್ಲ, ಹೆಸರು ಮಾತ್ರ ಹೊಸತು. ನಮ್ಮ ಕಾಲದಲ್ಲಿ ಅದು ಕ್ರಿಸ್ಮಸ್ ಫ್ರೆಂಡ್. ಹಾಸ್ಟೆಲಲ್ಲಿ ಮಾತ್ರ ಕ್ರಿಸ್ ಮಾಮ್, ಕ್ರಿಸ್ ಚೈಲ್ಡ್ ಅಂತ. ನಾನು ನರ್ಸಿಂಗ್ ಕಲಿತದ್ದು ಮಂಗಳೂರಲ್ಲಿ, ಹಾಸ್ಟೆಲಲ್ಲಿ ಅರ್ಧಕ್ಕರ್ಧ ಕೇರಳದ ಹುಡುಗಿಯರು, ಡಿಸೆಂಬರ್ ಒಂದಕ್ಕೆ ಚೀಟಿ ಎತ್ತಿದ್ರೆ ಇಪ್ಪತ್ತನಾಲ್ಕರ ತನಕ ಆಟ. ಚೀಟಿಯಲ್ಲಿ ಯಾರ ಹೆಸರು ಬರ್ತದೋ ಅವಳು ನಿಮ್ಮ ಮಗು, ನೀವು ಅವಳ ಗುಟ್ಟಿನ ಅಮ್ಮ. ಒಂದೇ ದಿನ ಒಂದು ಗಿಫ್ಟ್ ಕೊಟ್ಟು ಮುಗಿಸುವುದಲ್ಲ. ತಲೆದಿಂಬಿನ ಅಡಿಯಲ್ಲಿ ಒಂದು ಚಾಕ್ಲೇಟು, ನೈಟ್ ಡ್ಯೂಟಿ ಇದ್ರೆ ಫ್ಲಾಸ್ಕಲ್ಲಿ ಚಹಾ, ಎಡಗೈಯಲ್ಲಿ ಬರೆದ ಒಂದು ಚೀಟಿ, ಅಕ್ಷರ ಗೊತ್ತಾಗಬಾರ್ದಲ್ಲ. ಮತ್ತೆ ಟಾಸ್ಕ್ ಕೊಡ್ಲಿಕ್ಕುಂಟು, "ಇವತ್ತು ಮೆಸ್ಸಲ್ಲಿ ಎಲ್ಲರೆದುರು ಒಂದು ಹಾಡು ಹೇಳು", "ಎರಡು ಬೇರೆ ಬೇರೆ ಬಣ್ಣದ ಚಪ್ಪಲಿ ಹಾಕಿ ಕ್ಲಾಸಿಗೆ ಹೋಗು", ಹೀಗೆ. ಮಗು ಮಾಡ್ಲೇಬೇಕು, ಅಮ್ಮ ಎಲ್ಲೋ ಮೂಲೆಯಲ್ಲಿ ಕೂತು ಗುಮ್ಮನ ಹಾಗೆ ನೋಡ್ತಿರ್ತಾಳೆ. ಕಾನ್ವೆಂಟುಗಳಲ್ಲಿ ಸಿಸ್ಟರುಗಳು ಮಾಡುವಾಗ ಗಿಫ್ಟಿಗಿಂತ ಪ್ರಾರ್ಥನೆ ಜಾಸ್ತಿ, ಆ ಹೆಸರಿನವರಿಗೋಸ್ಕರ ದಿನಾ ಒಂದು ಜಪ, ಅವರಿಗೆ ಗೊತ್ತಾಗದ ಹಾಗೆ ಅವರ ಒಂದು ಕೆಲಸ ಮಾಡಿ ಇಡುವುದು.

ನನ್ನ ಎರಡನೇ ವರ್ಷ ನನ್ನ ಕ್ರಿಸ್ ಮಾಮ್ ದಿನಾ ಬೆಳಿಗ್ಗೆ ನನ್ನ ಯೂನಿಫಾರ್ಮ್ ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿ ಇಡ್ತಿದ್ಲು. ಯಾವಾಗ ಮಾಡ್ತಾಳೆ ಅಂತಲೇ ಗೊತ್ತಾಗುದಿಲ್ಲ. ಒಂದು ದಿನ ಹಿಡಿಯುವ ಅಂತ ನಾಲ್ಕು ಗಂಟೆಗೆ ಎದ್ದು ಮುಸುಕು ಹಾಕಿ ಮಲಗಿದ ಹಾಗೆ ನಟನೆ ಮಾಡಿದೆ, ನಿಜವಾಗಿ ನಿದ್ದೆಯೇ ಬಂತು, ಎಚ್ಚರ ಆಗುವಾಗ ಇಸ್ತ್ರಿ ಆಗಿದೆ! ಹತ್ತೊಂಬತ್ತನೇ ತಾರೀಕಿಗೆ ನನಗೆ ಟೈಫಾಯ್ಡ್, ಅಪ್ಪ ಬಂದು ಊರಿಗೆ ಕರ್ಕೊಂಡು ಹೋದ್ರು, ಯಾರು ಯಾರ ಅಮ್ಮ ಅಂತ ಹೇಳುವ ದಿನ ನಾನಿಲ್ಲ. ಜನವರಿಯಲ್ಲಿ ವಾಪಸ್ ಬಂದು ಕೇಳಿದ್ರೆ ಎಲ್ಲರೂ ನಗಾಡುವುದು, ಒಬ್ಬಳೂ ಬಾಯಿ ಬಿಡ್ಲಿಲ್ಲ. ಇಪ್ಪತ್ತೆರಡು ವರ್ಷ ಆಯ್ತು, ಇವತ್ತಿಗೂ ಗೊತ್ತಿಲ್ಲ. ಮೂರು ಜನರ ಮೇಲೆ ಡೌಟ್ ಉಂಟು, ಅದರಲ್ಲಿ ಒಬ್ಬಳು ಈಗ ಕುವೈಟಲ್ಲಿ.

ಆಫೀಸಲ್ಲಿ 24 ದಿನ ಎಲ್ಲ ಆಗ್ಲಿಕ್ಕಿಲ್ಲ, ಒಂದು ವಾರ ಮಾಡಿ ನೋಡಿ. ದುಡ್ಡು ಬೇಡವೇ ಬೇಡ ಅದಕ್ಕೆ.

ಇನ್ನೊಂದು, ನಮ್ಮ ಊರಲ್ಲಿ ಹಳೆಯ ಗಿಫ್ಟ್ ಎಕ್ಸ್‌ಚೇಂಜ್ ಉಂಟಲ್ಲ, ಕುಸ್ವಾರ್, ಕ್ರಿಸ್ಮಸಿನ ತಿಂಡಿಗಳು. ನೆವ್ರಿ, ಕಿಡಿಯೋ, ಗುಳಿಯೋ, ಕೊಕ್ಕಿಸಾ, ಚಕ್ಕುಲಿ, ಎಳ್ಳುಂಡೆ ಎಲ್ಲ ಒಂದು ಪ್ಲೇಟಿಗೆ ಹಾಕಿ ಮೇಲಿಂದ ಒಂದು ಕಸೂತಿ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗೆ ಮಕ್ಕಳ ಕೈಲಿ ಕಳಿಸುವುದು. ಪ್ಲೇಟು ಖಾಲಿ ವಾಪಸ್ ಬರುದಿಲ್ಲ, ಒಂದು ಹಿಡಿ ಸಕ್ಕರೆಯಾದ್ರೂ ಹಾಕಿಯೇ ಕೊಡ್ತಾರೆ. ಚೌತಿಗೆ ಆ ಕಡೆಯಿಂದ ಮೋದಕ, ಪಂಚಕಜ್ಜಾಯ ಬರ್ತದೆ. ಇದರಲ್ಲಿ ಗುಟ್ಟು ಒಂದೂ ಇಲ್ಲ, ಯಾರ ನೆವ್ರಿ ಮೆತ್ತಗಾಗಿದೆ ಅಂತ ಇಡೀ ವಾಡೆಗೆ ಗೊತ್ತಿರ್ತದೆ.

---

ರಥಬೀದಿ ಮಾಷ್ಟ್ರು (ಉಡುಪಿ)

ರಿಟೈರ್ ಆದ ಮೇಲೆ ಪುರ್ಸೊತ್ತು ಜಾಸ್ತಿ, ಹಾಗಾಗಿ ಉದ್ದ ಬರೀತೇನೆ, ಬೇಡ ಅಂದ್ರೆ ದಾಟಿ ಹೋಗಿ.

ನೀವು ಎರಡು ಬೇರೆ ಬೇರೆ ಆಟವನ್ನು ಒಂದೇ ಪಾತ್ರೆಗೆ ಹಾಕಿ ಕಲಸಿದ್ದೀರಿ. ಒಂದು, ಕೊಟ್ಟವರು ಯಾರು ಅಂತ ಗೊತ್ತಾಗಬಾರದು ಎನ್ನುವ ಆಟ. ಇನ್ನೊಂದು, ಪೊಟ್ಟಣದ ಒಳಗೆ ಎಂತ ಉಂಟು ಅಂತ ಗೊತ್ತಾಗಬಾರದು ಎನ್ನುವ ಆಟ. ಮೊದಲನೆಯದರಲ್ಲಿ ಮನುಷ್ಯ ಗುಟ್ಟು, ಎರಡನೆಯದರಲ್ಲಿ ವಸ್ತು ಗುಟ್ಟು. ಎರಡರ ವಂಶವೂ ಬೇರೆ.

ಮೊದಲನೆಯದರ ಅಜ್ಜ ಸಂತ ನಿಕೋಲಸ್. ನಾಲ್ಕನೇ ಶತಮಾನ, ಮೈರಾ ಊರಿನ ಬಿಷಪ್, ಆ ಊರು ಈಗಿನ ಟರ್ಕಿಯಲ್ಲಿ ಉಂಟು. ಅವರ ಬಗ್ಗೆ ಇರುವ ಐತಿಹ್ಯ ಏನಂದ್ರೆ, ಒಬ್ಬ ಬಡವನಿಗೆ ಮೂರು ಹೆಣ್ಣುಮಕ್ಕಳು, ಮದುವೆ ಮಾಡ್ಲಿಕ್ಕೆ ವರದಕ್ಷಿಣೆಗೆ ಗತಿ ಇಲ್ಲ, ಇವರು ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಒಳಗೆ ಎಸೆದು ಓಡಿ ಹೋಗ್ತಿದ್ರು. ಎದುರು ನಿಂತು ಕೊಟ್ಟಿದ್ರೆ ಆ ಅಪ್ಪನ ಮರ್ಯಾದೆ ಹೋಗ್ತಿತ್ತು, ಗುಟ್ಟಿನ ಅರ್ಥ ಅದು. ಅವರ ಹಬ್ಬ ಡಿಸೆಂಬರ್ 6. ಹಿಂದಿನ ದಿನ, 5ರ ಸಂಜೆ, ನೆದರ್‌ಲ್ಯಾಂಡ್ಸಲ್ಲಿ ಸಿಂಟರ್‌ಕ್ಲಾಸ್ ಅಂತ ಆಚರಣೆ, ಈ ಸಿಂಟರ್‌ಕ್ಲಾಸೇ ಅಮೆರಿಕಕ್ಕೆ ಹೋಗಿ ಸಾಂತಾ ಕ್ಲಾಸ್ ಆದದ್ದು. ನೆದರ್‌ಲ್ಯಾಂಡ್ಸಲ್ಲಿ ದೊಡ್ಡವರು ಇವತ್ತಿಗೂ ಮಾಡುವುದು ನಿಮ್ಮ ಟಿಫಿನ್ ಡಬ್ಬಿಯ ಆಟವನ್ನೇ, ಚೀಟಿ ಎತ್ತುವುದು. ಆದ್ರೆ ಒಂದು ಭಾರೀ ಚಂದದ ಸೇರ್ಪಡೆ ಉಂಟು: ಗಿಫ್ಟಿನ ಒಟ್ಟಿಗೆ ಒಂದು ಪದ್ಯ ಬರೀಬೇಕು. ಪ್ರಾಸ ಇರಬೇಕು, ಆ ಮನುಷ್ಯನ ಈ ವರ್ಷದ ಎಡವಟ್ಟುಗಳನ್ನೆಲ್ಲ ಎತ್ತಿ ತಮಾಷೆ ಮಾಡಬೇಕು, ಕೊನೆಗೆ ಸಹಿ "ಸಿಂಟ್" ಅಂತ. ಬಯ್ದದ್ದು ಸಂತರು, ನಾನಲ್ಲ! ಪಡೆದವನು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಗಿಫ್ಟನ್ನೂ ಹಾಗೇ ಕೊಡುದಿಲ್ಲ, ರಟ್ಟು ಅಂಟು ಎಲ್ಲ ಹಚ್ಚಿ ಬೇರೆ ಯಾವುದೋ ವಸ್ತುವಿನ ವೇಷ ಹಾಕಿಸಿ ಕೊಡ್ತಾರೆ.

ಸ್ವೀಡನ್ನಲ್ಲಿ ಕ್ರಿಸ್ಮಸ್ ಗಿಫ್ಟಿಗೆ ಹೇಳುವ ಶಬ್ದವೇ ಯೂಲ್‌ಕ್ಲಾಪ್. ಯೂಲ್ ಅಂದ್ರೆ ಕ್ರಿಸ್ಮಸ್, ಕ್ಲಾಪ್ ಅಂದ್ರೆ ಬಾಗಿಲು ಬಡಿಯುವುದು. ಹಿಂದೆ ಬಾಗಿಲು ದಡದಡ ಬಡಿದು, ಪೊಟ್ಟಣ ಒಳಗೆ ಎಸೆದು, ಮುಖ ಕಾಣುವ ಮೊದಲು ಪೇರಿ ಕೀಳುವುದು ಅಲ್ಲಿಯ ಪದ್ಧತಿ, ಉತ್ತರ ಜರ್ಮನಿಯಲ್ಲೂ ಇತ್ತು. ಜರ್ಮನಿಯಲ್ಲಿ ಈಗ ವಿಖ್ಟೆಲ್ನ್ ಅಂತಾರೆ, ವಿಖ್ಟೆಲ್ ಅಂದ್ರೆ ಮನೆಯೊಳಗೆ ಕಣ್ಣಿಗೆ ಬೀಳದೆ ಕೆಲಸ ಮಾಡಿ ಕೊಡುವ ಕುಳ್ಳ. ನೆವ್ರಿಬಾಯಿಯವರ ಇಸ್ತ್ರಿ ಕತೆ ಓದುವಾಗ ನನಗೆ ಅದೇ ನೆನಪಾದದ್ದು.

ಕ್ರಿಸ್ ಮಾಮಿನ ಕ್ರಿಸ್ ಎಲ್ಲರಿಗೂ ಅರ್ಥ ಆಗ್ತದೆ. ಅದರ ದೂರದ ಸಂಬಂಧಿ ಒಬ್ಬ ಇದ್ದಾನೆ, ಕ್ರಿಸ್ ಕ್ರಿಂಗಲ್. ಜರ್ಮನಿಯ ಲೂಥರ್ ಕ್ಯಾಥೊಲಿಕ್ ಚರ್ಚಿನಿಂದ ಒಡೆದು ಸುಧಾರಣೆ ತಂದ ಮೇಲೆ ಅವನ ಕಡೆಯ ಪ್ರೊಟೆಸ್ಟಂಟರಿಗೆ ಸಂತರ ಹಬ್ಬ ಬೇಡವಾಯ್ತು, ಉಡುಗೊರೆ ಡಿಸೆಂಬರ್ 6ರಿಂದ ಕ್ರಿಸ್ಮಸಿಗೆ ಜಾರಿತು, ಕೊಡುವವನು ನಿಕೋಲಸ್ ಅಲ್ಲ, ಬಾಲ ಯೇಸು, ಜರ್ಮನಿನಲ್ಲಿ ಕ್ರಿಸ್ಟ್‌ಕಿಂಡ್ಲ್ ಅಂತಾಯ್ತು. ಅದು ಇಂಗ್ಲಿಷಿನವರ ಬಾಯಲ್ಲಿ ಕ್ರಿಸ್ ಕ್ರಿಂಗಲ್. ಆಸ್ಟ್ರೇಲಿಯದ ಆಫೀಸುಗಳಲ್ಲಿ ಚೀಟಿ ಆಟಕ್ಕೆ ಅದೇ ಹೆಸರು. ತಮಾಷೆ ಎಂತ ಗೊತ್ತುಂಟಾ, ಯಾವ ಸಂತನನ್ನು ಬಿಡ್ಲಿಕ್ಕೆ ಈ ಹೆಸರು ತಂದ್ರೋ, ಕೊನೆಗೆ ಅಮೆರಿಕದಲ್ಲಿ ಅದು ಅದೇ ಸಂತನ, ಅಂದ್ರೆ ಸಾಂತಾನ, ಇನ್ನೊಂದು ಹೆಸರಾಗಿ ಕೂತಿತು.

ಈಗ ಎರಡನೇ ವಂಶ. ಇದು ಕ್ರಿಸ್ಮಸಿಗಿಂತ ಹಳತು. ರೋಮಿನಲ್ಲಿ ಡಿಸೆಂಬರ್ 17ಕ್ಕೆ ಸ್ಯಾಟರ್ನೇಲಿಯ ಹಬ್ಬ ಶುರು, ಮೊದಲು ಒಂದೇ ದಿನ ಇದ್ದದ್ದು ಎಳೆದು ಎಳೆದು ವಾರ ಆಯ್ತು. ಯಜಮಾನ ಗುಲಾಮರಿಗೆ ಬಡಿಸುವುದು, ಜೂಜಿಗೆ ಅಪ್ಪಣೆ, ಮಣ್ಣಿನ ಮೇಣದ ಸಣ್ಣ ಗೊಂಬೆಗಳನ್ನು ಹಂಚುವುದು. ಚಕ್ರವರ್ತಿ ಆಗಸ್ಟಸನ ಚಾಳಿಯನ್ನು ರೋಮಿನ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿಟ್ಟಿದ್ದಾನೆ. ಒಂದು ಸಲ ಬಂದವರಿಗೆ ಚಿನ್ನ ಬೆಳ್ಳಿ ಬಟ್ಟೆ ಕೊಡುವುದು, ಇನ್ನೊಂದು ಸಲ ಕಂಬಳಿ ತುಂಡು, ಸ್ಪಂಜು, ಒಲೆ ಕೆದಕುವ ಕೋಲು, ಇಕ್ಕಳ ಇಂಥದ್ದನ್ನೇ ಎರಡರ್ಥದ ಹೆಸರಿಟ್ಟು ಕೊಡುವುದು. ಊಟಕ್ಕೆ ಕೂತವರಿಗೆ ಚೀಟಿ ಮಾರುವುದು, ಒಂದು ಚೀಟಿಗೆ ಭಾರೀ ಬೆಲೆಯ ವಸ್ತು, ಇನ್ನೊಂದಕ್ಕೆ ಮೂರು ಕಾಸಿನದ್ದು. ಚಿತ್ರಪಟದ ಹಿಂಬದಿ ಮಾತ್ರ ತೋರಿಸಿ ಏಲಂ ಕೂಗುವುದು! ನಿಮ್ಮ ಬಾಸು ಹೇಳುವ ಆಟದ ಜೀವ ಇದೇ ಅಲ್ವಾ, ಬಿಚ್ಚಿದ ಮೇಲೆ ಬರುವ ಆ ಮುಖ. ನಮ್ಮ ಗಣೇಶೋತ್ಸವದ ಕೊನೆಯಲ್ಲಿ ಒಂದು ಮಂಗಳೂರು ಸೌತೆಕಾಯಿಯನ್ನು ಸಾವಿರಗಟ್ಟಲೆಗೆ ಏಲಂ ಕೂಗುವುದು ನೋಡಿದವರಿಗೆ ಇದೆಲ್ಲ ಹೊಸತು ಅಂತ ಅನ್ನಿಸ್ಲಿಕ್ಕಿಲ್ಲ, ಆದ್ರೆ ನಮ್ಮಲ್ಲಿ ಸೌತೆಕಾಯಿ ಅಂತ ಗೊತ್ತಿದ್ದೇ ಕೂಗ್ತಾರೆ, ಅದು ಬೇರೆ.

ಮಾರ್ಷಿಯಲ್ ಎನ್ನುವ ಕವಿ ಒಬ್ಬ ಈ ಹಬ್ಬದ ಉಡುಗೊರೆಗಳಿಗೆ ಅಂತಲೇ ಎರಡೆರಡು ಸಾಲಿನ ಪದ್ಯ ಬರೆದ. ಒಂದು ಶ್ರೀಮಂತನ ಗಿಫ್ಟಿಗೆ, ಅದರ ಒಟ್ಟಿಗೇ ಬಡವನ ಗಿಫ್ಟಿಗೆ. ಹಲ್ಲುಕಡ್ಡಿಗೆ ಪದ್ಯ ಉಂಟು, ಕಿವಿ ಕೆರೆಯುವ ಕಡ್ಡಿಗೆ ಪದ್ಯ ಉಂಟು, ಗಿಳಿಗೂ ಉಂಟು.

---

ಪಣಂಬೂರು ಗಾಳಿ

ಮಾಷ್ಟ್ರೇ ಅಷ್ಟು ಹಿಂದೆ ಹೋಗುವುದು ಬೇಡ. ಸೀಕ್ರೆಟ್ ಸಾಂತಾ ಶುರು ಮಾಡಿದ್ದು ಅಮೆರಿಕದ ಕಾನ್ಸಾಸ್ ಸಿಟಿಯ ಲ್ಯಾರಿ ಸ್ಟೀವರ್ಟ್, 1979ರಲ್ಲಿ. ಯಾವ ಕಡೆ ನೋಡಿದ್ರೂ ಅದೇ ಇರುವುದು.

---

ರಥಬೀದಿ ಮಾಷ್ಟ್ರು (ಉಡುಪಿ)

ಗಾಳಿಯವರೇ, ಆ ಮನುಷ್ಯ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಕ್ರಿಸ್ಮಸಿಗೆ ಸ್ವಲ್ಪ ಮೊದಲು ಕೆಲಸ ಕಳ್ಕೊಂಡು ಕೂತವರು, ಚಳಿಯಲ್ಲಿ ಕಾರಿನ ಹತ್ರ ಬಂದು ಊಟ ಕೊಡುವ ಒಬ್ಬ ಹೆಂಗಸಿಗೆ 20 ಡಾಲರ್ ಕೊಟ್ಟು ಚಿಲ್ಲರೆ ಇಟ್ಕೊಳ್ಳಿ ಅಂದ್ರು, ಅವಳು ಅತ್ತದ್ದು ನೋಡಿ ಅಲ್ಲಿಂದ ಪ್ರತೀ ಡಿಸೆಂಬರಿಗೆ ದಾರಿಯಲ್ಲಿ ಸಿಕ್ಕಿದ ಕಷ್ಟದವರಿಗೆ ನೋಟು ಕೊಡುತ್ತಾ ಹೋದ್ರು, ಒಟ್ಟು ಸುಮಾರು 13 ಲಕ್ಷ ಡಾಲರ್. ಹೆಸರು ಹೇಳಿದ್ದು 2006ರಲ್ಲಿ, ಕ್ಯಾನ್ಸರ್ ಆದ ಮೇಲೆ, 2007ರ ಜನವರಿಯಲ್ಲಿ ತೀರಿಕೊಂಡ್ರು. ಆದ್ರೆ ಅದರಲ್ಲಿ ಚೀಟಿ ಎಲ್ಲಿ? ವಾಪಸ್ ಸಿಗುವ ಗಿಫ್ಟ್ ಎಲ್ಲಿ? ಅದು ದಾನ ಮಾರಾಯ್ರೆ, ಆಟ ಅಲ್ಲ. ಎರಡಕ್ಕೂ ಒಂದೇ ಹೆಸರು ಇರುವುದರಿಂದ ಆಟವನ್ನೂ ಅವರ ತಲೆಗೆ ಕಟ್ಟಿದ್ದಾರೆ, ಒಬ್ರು ಬರೆದದ್ದನ್ನು ಇನ್ನೊಬ್ರು ಕಾಪಿ ಹೊಡೆದು ಅದೇ ನಿಜ ಆಗಿ ಹೋಗಿದೆ.

---

ಪಣಂಬೂರು ಗಾಳಿ

ಸರಿ ಒಪ್ಪಿದೆ, ಚೀಟಿ ಇಲ್ಲ ಅದರಲ್ಲಿ. ಆದ್ರೆ ಬಿಳಿ ಆನೆ ಬಗ್ಗೆ ನಾನು ಹೇಳ್ತೇನೆ, ನೀವು ಸುಮ್ಮನಿರಿ. ನಾಲ್ಕು ವರ್ಷ ಬೋಸ್ಟನ್ ಹತ್ರ ಇದ್ದೆ, ಅಲ್ಲಿ ಇದಕ್ಕೆ ಯಾಂಕೀ ಸ್ವಾಪ್ ಅಂತಾರೆ, ದಕ್ಷಿಣದ ರಾಜ್ಯಗಳಿಗೆ ಹೋದ್ರೆ ಡರ್ಟಿ ಸಾಂತಾ.

ಆಟ ಹೀಗೆ. ಎಲ್ಲರೂ ಒಂದೊಂದು ಪ್ಯಾಕ್ ಮಾಡಿದ ಗಿಫ್ಟ್ ತಂದು ಮಧ್ಯದಲ್ಲಿ ಇಡುವುದು, ಯಾರದ್ದು ಅಂತ ಹೇಳ್ಲಿಕ್ಕಿಲ್ಲ. ನಂಬರ್ ಎತ್ತುವುದು. ಒಂದನೇಯವ ಒಂದು ತೆಗೆದು ಎಲ್ಲರೆದುರು ಬಿಚ್ತಾನೆ. ಎರಡನೇಯವಳು ಹೊಸತು ಬಿಚ್ಚಬಹುದು ಇಲ್ಲಾ ಒಂದನೇಯವನದ್ದು ಕಿತ್ತುಕೊಳ್ಳಬಹುದು, ಕಿತ್ತುಕೊಂಡ್ರೆ ಅವನು ಬೇರೆ ಬಿಚ್ತಾನೆ ಇಲ್ಲಾ ಮತ್ತೊಬ್ಬರದ್ದು ಕಸೀತಾನೆ. ಈಗಷ್ಟೇ ಕೈ ತಪ್ಪಿದ್ದನ್ನು ಅದೇ ಸರದಿಯಲ್ಲಿ ವಾಪಸ್ ಕಸಿಯುವ ಹಾಗಿಲ್ಲ. ಒಂದು ವಸ್ತು ಮೂರು ಸಲ ಕೈ ಬದಲಾದ್ರೆ ಅಲ್ಲಿಗೆ ಲಾಕ್. ಕೊನೆಗೆ ಒಂದನೇ ನಂಬರಿನವನಿಗೆ ಒಂದು ಚಾನ್ಸ್ ಕೊಡ್ತಾರೆ, ಯಾಕಂದ್ರೆ ಪಾಪ ಅವನಿಗೆ ಶುರುವಿನಲ್ಲಿ ಕಸಿಯಲಿಕ್ಕೆ ಎಂತದೂ ಇರ್ಲಿಲ್ಲ. ಕೊನೆ ನಂಬರಿನವರದ್ದೇ ಮಜಾ. ನನಗೆ ಒಂದು ವರ್ಷ 12ನೇ ನಂಬರ್ ಬಂದು ಒಂದು ಒಳ್ಳೆ ಉಣ್ಣೆ ಕಂಬಳಿ ಹೊಡ್ದೆ, ಯಾರಿಂದ ಅಂದ್ರೆ ನನ್ನದೇ ಮ್ಯಾನೇಜರಿಂದ, ಆ ವರ್ಷದ ಅಪ್ರೈಸಲ್ ಬಗ್ಗೆ ಕೇಳ್ಬೇಡಿ.

ಹೆಸರಿನ ಕತೆ ಎಂತ ಅಂದ್ರೆ ಸಯಾಮಿನ, ಅಂದ್ರೆ ಈಗಿನ ಥಾಯ್ಲೆಂಡಿನ, ರಾಜನಿಗೆ ಯಾರ ಮೇಲಾದ್ರೂ ಸಿಟ್ಟು ಬಂದ್ರೆ ಅವನಿಗೆ ಒಂದು ಬಿಳಿ ಆನೆ ಗಿಫ್ಟ್ ಕೊಡ್ತಿದ್ನಂತೆ. ಪವಿತ್ರ ಪ್ರಾಣಿ, ಮಾರುವ ಹಾಗಿಲ್ಲ, ಕೆಲಸಕ್ಕೆ ಹಚ್ಚುವ ಹಾಗಿಲ್ಲ, ಸಾಕಿ ಸಾಕಿ ದಿವಾಳಿ. ನಮ್ಮ ಪೇಪರುಗಳಲ್ಲೂ ನಷ್ಟದ ಯೋಜನೆಗೆ ಬಿಳಿ ಆನೆ ಅಂತ ಬರೆಯುವುದು ಇದರಿಂದಲೇ.

---

ರಥಬೀದಿ ಮಾಷ್ಟ್ರು (ಉಡುಪಿ)

ಸುಮ್ಮನಿರುವ ಅಂತಲೇ ಇದ್ದೆ, ಆದ್ರೆ ಆ ರಾಜನ ಕತೆ ಇಂಗ್ಲಿಷಿನವರು ಹೇಳಿಕೊಂಡು ಬಂದದ್ದು. ಅಲ್ಲಿ ಬಿಳಿ ಆನೆ ಸಿಕ್ಕಿದ್ರೆ ರಾಜನಿಗೇ ಸೇರ್ಬೇಕು, ಅದು ಅವನ ಪುಣ್ಯದ ಗುರುತು, ಸಿಟ್ಟು ಬಂದವನಿಗೆ ಯಾರಾದ್ರೂ ಪುಣ್ಯ ಹಂಚ್ತಾರಾ? 1917ರ ತನಕ ಅವರ ಬಾವುಟದಲ್ಲೇ ಬಿಳಿ ಆನೆ ಇತ್ತು. ನಮಗೂ ಬಿಳಿ ಆನೆ ಅಂದ್ರೆ ಐರಾವತ, ಇಂದ್ರನ ವಾಹನ, ನಷ್ಟದ ಬಾಬತ್ತು ಅಲ್ಲ.

ಮತ್ತೆ ಅದು ಬೆಳ್ಳಗೆ ಇರುವುದೂ ಇಲ್ಲ. 1884ರಲ್ಲಿ ಅಮೆರಿಕದ ಸರ್ಕಸ್ಸಿನ ಬಾರ್ನಮ್ ಬರ್ಮಾದಿಂದ ಒಂದು ಬಿಳಿ ಆನೆ ತರಿಸಿದ, ಜನ ದುಡ್ಡು ಕೊಟ್ಟು ಹೋಗಿ ನೋಡಿದ್ರೆ ಬೂದು ಬಣ್ಣದ ಆನೆ, ಅಲ್ಲಲ್ಲಿ ಗುಲಾಬಿ ಮಚ್ಚೆ ಅಷ್ಟೇ. ಎದುರಾಳಿ ಸರ್ಕಸ್ಸಿನ ಫೋರ್‌ಪಾ ಎಂತ ಮಾಡಿದ ಗೊತ್ತಾ, ತನ್ನ ಆನೆಗೆ ಬಿಳಿ ಬಣ್ಣ ಬಳಿದು "ಇದು ಅಸಲಿ" ಅಂತ ತೋರಿಸಿದ! ಅಸಲಿಯನ್ನು ಜನ ನಂಬಲಿಲ್ಲ.

ಹಳೆ ಪದ್ಧತಿಯ ವೈಟ್ ಎಲಿಫೆಂಟಲ್ಲಿ ಅಂಗಡಿಯಿಂದ ತರುವ ಕ್ರಮವೇ ಇಲ್ಲ, ಮನೆಯಲ್ಲಿ ಇರುವ ಬೇಡದ್ದನ್ನು ತರಬೇಕು. ಇಂಗ್ಲೆಂಡಿನ ಚರ್ಚ್ ಜಾತ್ರೆಗಳಲ್ಲಿ ಬೇಡದ ಸಾಮಾನು ಮಾರುವ ಸ್ಟಾಲಿಗೆ ಇದೇ ಹೆಸರು. ಆ ಲೆಕ್ಕದಲ್ಲಿ ನೋಡಿದ್ರೆ ನಿಮ್ಮ ಗೃಹಪ್ರವೇಶದ ಗಡಿಯಾರ ತಪ್ಪು ಗಿಫ್ಟಲ್ಲ ಬಂಗುಡೆಯವರೇ, ತಪ್ಪು ಆಟಕ್ಕೆ ಬಂದ ಸರಿಯಾದ ಗಿಫ್ಟು.

---

ಮಣಿಪಾಲದ ಲೆಕ್ಕ

ಯಾರೂ ಅಸಲು ಸಮಸ್ಯೆಗೆ ಉತ್ತರ ಕೊಡ್ಲಿಲ್ಲ, ಹಾಗಾಗಿ ನಾನು.

ನಾಲ್ಕು ಸಲ ಎತ್ತಿದ್ರೂ ಹಾಳಾದದ್ದು ನಿಮ್ಮ ಹಣೆಬರಹ ಅಲ್ಲ, ಲೆಕ್ಕ ಇರುವುದೇ ಹಾಗೆ. 14 ಚೀಟಿ ಸುಮ್ಮನೆ ಕಲಸಿ ಎತ್ತಿದ್ರೆ ಯಾರಿಗೂ ತಮ್ಮ ಹೆಸರು ಬಾರದೆ ಇರುವ ಸಾಧ್ಯತೆ ಬರೀ 37% ಹತ್ರ. ಅಂದ್ರೆ 100 ಸಲ ಎತ್ತಿದ್ರೆ 63 ಸಲ ಯಾರಾದ್ರೂ ಒಬ್ರಿಗಾದ್ರೂ ಅವರದ್ದೇ ಬರ್ತದೆ. ವಿಚಿತ್ರ ಎಂತ ಅಂದ್ರೆ 5 ಜನ ಇದ್ರೂ ಅಷ್ಟೇ, ಇಡೀ ಕಾಲೇಜು ಎತ್ತಿದ್ರೂ ಅಷ್ಟೇ. 5 ಜನಕ್ಕೆ ಒಟ್ಟು 120 ರೀತಿ ಹಂಚಬಹುದು, ಅದರಲ್ಲಿ ಸರಿಯಾದದ್ದು 44, ಭಾಗಿಸಿ ನೋಡಿ. ಜನ ಜಾಸ್ತಿ ಆದ ಹಾಗೆ ಒಬ್ಬೊಬ್ಬರಿಗೆ ಅವರದ್ದೇ ಬರುವ ಸಾಧ್ಯತೆ ಕಮ್ಮಿ ಆಗ್ತದೆ, ಆದ್ರೆ ಹಾಗೆ ಆಗಬಹುದಾದ ಜನ ಅಷ್ಟೇ ಜಾಸ್ತಿ ಆಗ್ತಾರೆ, ಒಂದಕ್ಕೊಂದು ಹೊಡೆದು ಹೋಗ್ತದೆ. 1708ರಲ್ಲೇ ಫ್ರಾನ್ಸಿನ ಗಣಿತಜ್ಞ ಮೊಂಮೋರ್ ಇದನ್ನು 13 ಎಲೆಯ ಇಸ್ಪೀಟು ಆಟದ ಲೆಕ್ಕವಾಗಿ ಎತ್ತಿದ್ದು. ನಿಮ್ಮ ಹಾಗೆ ನಾಲ್ಕಕ್ಕೆ ನಾಲ್ಕೂ ಹಾಳಾಗುವುದು ಸುಮಾರು 16%, ಆರಕ್ಕೆ ಒಂದು ಆಫೀಸಲ್ಲಿ ಆಗುವಂಥದ್ದು.

"ಅವರದ್ದೇ ಬಂದ್ರೆ ವಾಪಸ್ ಹಾಕಿ ಬೇರೆ ಎತ್ತಲಿ" ಅಂತ ಕೆಲವರು ಮಾಡ್ತಾರೆ, ಅದರಲ್ಲಿ ಕೊನೆಯವನು ಸಿಕ್ಕಿ ಬೀಳ್ತಾನೆ, ಡಬ್ಬಿಯಲ್ಲಿ ಉಳಿದದ್ದು ಅವನದ್ದೇ ಚೀಟಿ ಆದ್ರೆ ಎಲ್ಲಿಗೆ ವಾಪಸ್ ಹಾಕುವುದು?

ಇದಕ್ಕೆ ಒಂದು ಉಪಾಯ ಉಂಟು, ಕಂಪ್ಯೂಟರ್ ಬೇಡ. 14 ರಟ್ಟಿನ ತುಂಡು ತೆಗೊಳ್ಳಿ. ಪ್ರತೀ ತುಂಡಿನ ಮೇಲಿನ ಅರ್ಧದಲ್ಲಿ ಒಂದು ನಂಬರ್, ಕೆಳಗಿನ ಅರ್ಧದಲ್ಲಿ ಅದೇ ನಂಬರ್, 1ರಿಂದ 14. ಕವುಚಿ ಹಾಕಿ ಚೆನ್ನಾಗಿ ಕಲಸಿ ಸಾಲಾಗಿ ಜೋಡಿಸಿ. ಈಗ ಕವುಚಿದ ಹಾಗೇ ಎಲ್ಲವನ್ನೂ ಮಧ್ಯಕ್ಕೆ ಕತ್ತರಿಸಿ ಕೆಳಗಿನ ಅರ್ಧಗಳನ್ನು ಮಾತ್ರ ಒಂದು ಮನೆ ಬಲಕ್ಕೆ ದೂಡಿ, ಕೊನೆಯದ್ದನ್ನು ತಂದು ಮೊದಲನೆಯದರ ಅಡಿಗೆ ಇಡಿ. ಒಬ್ಬೊಬ್ಬರು ಒಂದೊಂದು ಜೋಡಿ ಎತ್ತಿಕೊಂಡು ಹೋಗುವುದು. ಮೇಲಿನದ್ದು "ನಾನು", ಕೆಳಗಿನದ್ದು "ನಾನು ಕೊಡಬೇಕಾದವರು". ಗೋಡೆಗೆ ಒಂದು ಪಟ್ಟಿ ಅಂಟಿಸಿ ಎಲ್ಲರೂ "ನಾನು" ನಂಬರಿನ ಎದುರು ಹೆಸರು ಬರೀಲಿ, ಆಗ ಕೆಳಗಿನ ನಂಬರ್ ಯಾರದ್ದು ಅಂತ ನಿಮಗೆ ಮಾತ್ರ ಗೊತ್ತಾಗ್ತದೆ. ತನ್ನದೇ ನಂಬರ್ ತನಗೆ ಬರ್ಲಿಕ್ಕೆ ದಾರಿಯೇ ಇಲ್ಲ, ಹಾಗೆಯೇ ಇಬ್ಬರು ಒಬ್ಬರಿಗೊಬ್ಬರು ಕೊಟ್ಕೊಂಡು ಮುಗಿಸುವುದೂ ಇಲ್ಲ, 14 ಜನವೂ ಒಂದೇ ಸರಪಳಿ. ಥರ್ಮಸಿನವರಿಗೆ ಬಾಗಿಲು ಬಂದ್.

ರಜೆ ಹಾಕುವವರ ಸಮಸ್ಯೆಗೆ ಲೆಕ್ಕದಲ್ಲಿ ಪರಿಹಾರ ಇಲ್ಲ. ಗಿಫ್ಟನ್ನು ಎರಡು ದಿನ ಮೊದಲೇ ತಂದು ಕಪಾಟಲ್ಲಿ ಇಡ್ಬೇಕು ಅಂತ ಮಾಡಿ.

---

ನೆವ್ರಿಬಾಯಿ (ಸಂತೆಕಟ್ಟೆ, ಉಡುಪಿ)

ಲೆಕ್ಕದವರೇ, ನೀವು ನಮ್ಮ ಹಾಸ್ಟೆಲಲ್ಲಿ ಇರ್ಬೇಕಿತ್ತು. ನಮ್ಮಲ್ಲಿ ಒಬ್ಬಳು ಮಲಯಾಳಿ ಹುಡುಗಿ ಎಲ್ಲರ ಚೀಟಿ ಕದ್ದು ನೋಡಿ ಅವಳಿಗೆ ಬೇಕಾದ ಹಾಗೆ ಬದಲು ಮಾಡ್ತಿದ್ಲು.

ಬಂಗುಡೆ, ನಿಮ್ಮ ಹಿರಿಯರು ಹೇಳಿದ್ದರಲ್ಲಿ ತಪ್ಪಿಲ್ಲ. ಕಸಿಯುವ ಆಟ ಸಮಾನದವರ ಮಧ್ಯೆ ಚಂದ. ಬಾಸ್ ಕೈಯಿಂದ ಅಟೆಂಡರ್ ಕಿತ್ತುಕೊಳ್ತಾನಾ? ಕೊಳ್ಳುದಿಲ್ಲ. ಅಟೆಂಡರ್ ಕೈಯಿಂದ ಬಾಸ್ ಕಿತ್ತುಕೊಂಡ್ರೆ ಯಾರಿಗಾದ್ರೂ ನಗು ಬರ್ತದಾ?

---

ಪಣಂಬೂರು ಗಾಳಿ

ಇದೊಂದು ಪಾಯಿಂಟ್ ಮಾತ್ರ ನಿಜ. ಬೋಸ್ಟನ್ನಲ್ಲಿ ನಾನು ಕಂಬಳಿ ಹೊಡೆದ ಮೇಲೆ ಬುದ್ಧಿ ಬಂದದ್ದು.

---

ಬಂಗುಡೆ ಪುಳಿಮುಂಚಿ (ಬಿಜೈ, ಮಂಗಳೂರು)

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರ್ತದೆ ಅಂತ ನಾನು ಗ್ರಹಿಸಿರ್ಲಿಲ್ಲ. ಇವತ್ತು ಮಧ್ಯಾಹ್ನ ಊಟದ ಟೈಮಲ್ಲಿ ಎಲ್ಲರಿಗೂ ಓದಿ ಹೇಳಿದೆ, ಥರ್ಮಸ್ ಭಾಗ ಬಿಟ್ಟು, ಅವರು ಎದುರೇ ಕೂತಿದ್ರು, ಅದೇ ಥರ್ಮಸಿಂದ ಚಹಾ ಕುಡೀತಾ.

ತೀರ್ಮಾನ ಆದದ್ದು ಹೀಗೆ. ಲೆಕ್ಕದವರ ರಟ್ಟಿನ ಉಪಾಯದಲ್ಲಿ ಚೀಟಿ. ಲಿಮಿಟ್ 300 ಅಲ್ಲ, 150, ಆದ್ರೆ ಒಟ್ಟಿಗೆ ಎರಡು ಸಾಲಿನ ಪದ್ಯ ಕಡ್ಡಾಯ, ತುಳು ಕೊಂಕಣಿ ಬ್ಯಾರಿ ಕನ್ನಡ ಯಾವುದಾದ್ರೂ ಆಗ್ತದೆ, ಸಹಿ "ಸಾಂತಾ" ಅಂತಲೇ ಇರ್ಬೇಕು. ತಿನ್ನುವ ವಸ್ತು ಕೊಡುವುದಾದ್ರೆ ಮೊದಲೇ ಕೇಳುವುದು. ಇಪ್ಪತ್ತೆರಡಕ್ಕೆಲ್ಲ ಗಿಫ್ಟ್ ಕಪಾಟಿಗೆ ಬರ್ಬೇಕು, ಕೀಲಿಕೈ ರಿಸೆಪ್ಶನ್ ಹುಡುಗಿ ಹತ್ರ. ಬಾಸಿನ ಬಿಳಿ ಆನೆ ಕೂಡ ಇರ್ತದೆ, ಆದ್ರೆ ಮನೆಯ ಬೇಡದ ಸಾಮಾನಿಗೆ ಮಾತ್ರ, ಮನಸ್ಸಿದ್ದವರು ಮಾತ್ರ, ಕಸಿಯುವುದು ಒಬ್ಬರಿಗೆ ಒಂದೇ ಸಲ. ಇದು ಕೇಳಿ ನಮ್ಮ ಹಿರಿಯರು "ಹಾಗಾದ್ರೆ ನಮ್ಮ ಮನೆಯಲ್ಲಿ ಒಂದು ಟೇಬಲ್ ಫ್ಯಾನ್ ಉಂಟು, ತಲೆ ಮಾತ್ರ ತಿರುಗುದಿಲ್ಲ" ಅಂದ್ರು, ಅವರೂ ಬರ್ತಾರೆ ಅಂತಾಯ್ತು. ಗಡಿಯಾರ ವಾಪಸ್ ಬರ್ತದೆ ಅಂತ ರಿಸೆಪ್ಶನ್ ಹುಡುಗಿ ಈಗಲೇ ಹೇಳಿದ್ದಾಳೆ, ಸ್ಟಿಕ್ಕರ್ ಸಮೇತ.

ಒಂದೇ ತೊಂದರೆ ಉಳಿದದ್ದು. ರಟ್ಟಿನ ತುಂಡು ಸಂಜೆಯೇ ಎತ್ತಿಯಾಯ್ತು, ನನಗೆ ಬಂದ ನಂಬರಿನ ಹೆಸರು ಪಟ್ಟಿಯಲ್ಲಿ ನೋಡಿ ಎದೆ ಧಸಕ್ ಅಂತು. ಯಾರು ಅಂತ ಹೇಳ್ಲಿಕ್ಕಿಲ್ಲ. ಮಾಷ್ಟ್ರೇ, ಬಿಸಿ ಚಹಾದ ಬಗ್ಗೆ ಎರಡು ಸಾಲು ಪ್ರಾಸ ಇರುವಂಥದ್ದು ಬರೆದು ಕೊಡ್ತೀರಾ?

---

ರಥಬೀದಿ ಮಾಷ್ಟ್ರು (ಉಡುಪಿ)

ಕೊಡ್ತೇನೆ, ಇಲ್ಲಿ ಅಲ್ಲ. ಅವರೂ ಓದ್ತಿದ್ರೆ?